ಉತ್ಸರ್ಗ ಸಮಿತಿಯೂ ಗೃಹಸ್ಥನ ಕಸವೂ: ಕಲಬುರಗಿ ಸೀಮೆಯ ಒಂದು ಹಿನ್ನೋಟ

ಮುನಿಧರ್ಮವನ್ನು ನಿರೂಪಿಸುವ ಶಾಸ್ತ್ರಗಳು ಐದು ಸಮಿತಿಗಳನ್ನು ಎಣಿಸುತ್ತವೆ. ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ ಮತ್ತು ಉತ್ಸರ್ಗ. ನೆಲ ನೋಡಿ ನಡೆಯುವುದು, ಹಿತಮಿತವಾಗಿ ಆಡುವುದು, ದೋಷವಿಲ್ಲದ ಆಹಾರವನ್ನು ಸ್ವೀಕರಿಸುವುದು, ವಸ್ತುವನ್ನು ನೋಡಿ ಎತ್ತಿ ನೋಡಿ ಇಡುವುದು ಎಂಬ ಮೊದಲ ನಾಲ್ಕನ್ನು ಶ್ರಾವಕರು ಪ್ರವಚನಗಳಲ್ಲಿ ಬಾರಿಬಾರಿಗೂ ಕೇಳಿದ್ದಾರೆ. ಐದನೆಯದಕ್ಕೆ ಅಷ್ಟು ವಿಸ್ತಾರವಾದ ವ್ಯಾಖ್ಯಾನ ದೊರೆಯುವುದು ಅಪರೂಪ. ಅದರ ವಿಷಯ ಮಲಮೂತ್ರಾದಿಗಳ ವಿಸರ್ಜನೆಯಾದ್ದರಿಂದ ಸಭೆಯಲ್ಲಿ ಬಿಡಿಸಿ ಹೇಳುವುದಕ್ಕೆ ಸಂಕೋಚವೆನಿಸಿರಬಹುದು. ಆದರೆ ಆ ಸಮಿತಿಯ ಒಳಗಿರುವ ವಿಚಾರ ಬಹು ದೊಡ್ಡದು. ದೇಹದಿಂದ ಹೊರಬೀಳುವುದನ್ನು ಎಲ್ಲೆಂದರಲ್ಲಿ ಬಿಡಬಾರದು. ಜೀವಜಂತುಗಳಿಲ್ಲದ, ಹಸಿರಿಲ್ಲದ, ಬಿಲಗಳಿಲ್ಲದ ನೆಲವನ್ನು ಮೊದಲು ಕಣ್ಣಾರೆ ನೋಡಿ ಅಲ್ಲಿ ಮಾತ್ರ ಬಿಡಬೇಕು. ಬಿಟ್ಟ ಮೇಲೆ ಅದು ಏನಾಗುತ್ತದೆ ಎಂಬ ಹೊಣೆಯೂ ಬಿಟ್ಟವನದೇ ಎಂಬುದು ಇದರ ತಾತ್ಪರ್ಯ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಈ ಐದನ್ನೂ ಒಂದೇ ಸೂತ್ರದಲ್ಲಿ ಹೇಳಿದ್ದಾರೆ. ನಡಿಗೆಗೂ ಮಾತಿಗೂ ಇರುವ ಸ್ಥಾನವೇ ವಿಸರ್ಜನೆಗೂ ಇದೆ.

ಇದು ಮಹಾವ್ರತಿಗಳ ಆಚಾರ, ಗೃಹಸ್ಥನಿಗೆ ಅನ್ವಯಿಸುವುದಿಲ್ಲ ಎಂದು ವಾದಿಸಬಹುದು. ಗೃಹಸ್ಥನಿಗೂ ಶಾಸ್ತ್ರಕಾರರು ಬಿಡುವು ಕೊಟ್ಟಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವಿರತಿ ಎಂಬ ಗುಣವ್ರತವಿದೆ. ಪ್ರಯೋಜನವಿಲ್ಲದೆ ಮಾಡುವ ಹಿಂಸೆಯನ್ನು ಬಿಡುವುದೇ ಆ ವ್ರತ. ಅದರ ಐದು ಭೇದಗಳಲ್ಲಿ ಒಂದು ಪ್ರಮಾದಚರ್ಯೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಮನೆಯ ಮುಂದೆ ಕಸ ಗುಡ್ಡೆಹಾಕಿ ಬೆಂಕಿಯಿಡುವ ಇಂದಿನ ರೂಢಿಯನ್ನು ಈ ಪಟ್ಟಿಯ ಎದುರಿಗೆ ಇಟ್ಟು ನೋಡಿದರೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಅದೇ ಗ್ರಂಥದಲ್ಲಿ ಭೋಗೋಪಭೋಗ ಪರಿಮಾಣವ್ರತವನ್ನು ಹೇಳುವಾಗ ಆಚಾರ್ಯರು ಮಾಡಿದ ಒಂದು ವಿಭಾಗವಿದೆ. ಒಮ್ಮೆ ಅನುಭವಿಸಿ ಬಿಟ್ಟುಬಿಡುವಂಥದು ಭೋಗ. ಅನ್ನಪಾನಾದಿಗಳು ಈ ಬಗೆಯವು. ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ವಸ್ತ್ರಾಭರಣಗಳು ಈ ಬಗೆಯವು. ತತ್ತ್ವಾರ್ಥಸೂತ್ರದ ಪರಂಪರೆಯಲ್ಲಿ ಹೆಸರುಗಳು ಸ್ವಲ್ಪ ಬೇರೆಯಾಗಿ ಉಪಭೋಗ, ಪರಿಭೋಗ ಎಂದಾಗಿದ್ದರೂ ವಿಭಾಗದ ಆಧಾರ ಒಂದೇ: ವಸ್ತು ಒಮ್ಮೆಗೆ ಮುಗಿಯುತ್ತದೆಯೋ, ಮರಳಿ ಬಳಕೆಗೆ ಬರುತ್ತದೆಯೋ. ಸಾವಿರದ ಐನೂರು ವರ್ಷಗಳಿಗೂ ಹಿಂದೆಯೇ ಮಾಡಿದ ಈ ವಿಂಗಡಣೆಯನ್ನು ಹಿಡಿದು ಒಂದು ಸೀಮೆಯ ಮನೆಗಳ ಇತಿಹಾಸವನ್ನು ನೋಡಿದರೆ, ಉಪಭೋಗದ ವಸ್ತುಗಳು ಒಂದೊಂದಾಗಿ ಭೋಗದ ವಸ್ತುಗಳಾಗಿ ಮಾರ್ಪಟ್ಟ ಕಥೆ ಕಾಣಸಿಗುತ್ತದೆ. ಲೋಟ, ತಟ್ಟೆ, ಚೀಲ, ಎಣ್ಣೆಯ ಪಾತ್ರೆ ಇವೆಲ್ಲ ಉಪಭೋಗದವು. ಇಂದು ಇವೆಲ್ಲವೂ ಒಮ್ಮೆ ಬಳಸಿ ಬಿಸಾಡುವ ರೂಪದಲ್ಲಿ ಅಂಗಡಿಗಳಲ್ಲಿ ದೊರೆಯುತ್ತವೆ. ಅನ್ನಪಾನದ ಬಗೆಗೆ ಸೇರಿದ ಇವು ಅನ್ನದಂತೆ ಕರಗುವುದಿಲ್ಲ.

ಈ ಬಗೆಯ ಅವಲೋಕನಕ್ಕೆ ಕಲಬುರಗಿ ಸೀಮೆಯಷ್ಟು ಯೋಗ್ಯವಾದ ನೆಲ ಬೇರೆಯಿಲ್ಲ. ನಗರದಿಂದ ಸುಮಾರು ೪೦ ಕಿಲೋಮೀಟರ್ ದೂರದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ಸೇಡಂ ತಾಲೂಕಿನ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟವೇ ಈ ಮಳಖೇಡ. ೮೧೪ರಲ್ಲಿ ಪಟ್ಟವೇರಿ ಆರು ದಶಕಗಳಿಗೂ ಮಿಕ್ಕಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜಿನಸೇನಾಚಾರ್ಯರು, ಗುಣಭದ್ರಾಚಾರ್ಯರು ಇದ್ದರು. ಕನ್ನಡದಲ್ಲಿ ಕವಿರಾಜಮಾರ್ಗ ಹುಟ್ಟಿತು. ಇವೆಲ್ಲ ಸಮಾಜದ ಬಂಧುಗಳಿಗೆ ತಿಳಿದ ಸಂಗತಿಗಳು. ಆ ಕಾಲದ ಇನ್ನೊಬ್ಬ ಜೈನ ವಿದ್ವಾಂಸ ಮಹಾವೀರಾಚಾರ್ಯ. ಅಮೋಘವರ್ಷನನ್ನು ಕೊಂಡಾಡಿ ಆರಂಭವಾಗುವ ಅವನ ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಸಂಪಾದಿಸಿ ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಆ ಗ್ರಂಥದ ಮಿಶ್ರಕವ್ಯವಹಾರದಲ್ಲಿ ಸುವರ್ಣಕುಟ್ಟೀಕಾರವೆಂಬ ಭಾಗವಿದೆ. ಬೇರೆ ಬೇರೆ ವರ್ಣದ, ಅಂದರೆ ಬೇರೆ ಬೇರೆ ಶುದ್ಧತೆಯ ಬಂಗಾರಗಳನ್ನು ಒಟ್ಟಿಗೆ ಕರಗಿಸಿದಾಗ ದೊರೆಯುವ ಬಂಗಾರದ ವರ್ಣವೆಷ್ಟು ಎಂಬ ಲೆಕ್ಕಗಳು ಅಲ್ಲಿವೆ. ೧೪ ವರ್ಣದ ಬಂಗಾರ ೧೦ ತೂಕ, ೧೧ ವರ್ಣದ ಬಂಗಾರ ೫ ತೂಕ ಸೇರಿಸಿದರೆ ೧೪೦ಕ್ಕೆ ೫೫ ಕೂಡಿ ೧೯೫, ಅದನ್ನು ಒಟ್ಟು ತೂಕವಾದ ೧೫ರಿಂದ ಭಾಗಿಸಿದರೆ ೧೩ ವರ್ಣ ಎಂಬ ರೀತಿಯ ಗಣಿತ ಅದು.

ಶಾಲೆಯ ಲೆಕ್ಕದಂತೆ ಕಾಣುವ ಇದರ ಹಿಂದೆ ಒಂದು ಸಮಾಜದ ನಡೆವಳಿಕೆ ಇದೆ. ಅಜ್ಜಿಯ ಒಡವೆ ಕರಗಿ ಮೊಮ್ಮಗಳ ಒಡವೆಯಾಗುತ್ತಿತ್ತು; ಹಾಗೆ ಕರಗುವಾಗ ಯಾರಿಗೂ ಮೋಸವಾಗದಿರಲು ಲೆಕ್ಕ ಬೇಕಾಗಿತ್ತು. ಅಚೌರ್ಯವ್ರತದ ಅತಿಚಾರಗಳಲ್ಲಿ ಕಲಬೆರಕೆಯನ್ನೂ, ಕಳ್ಳತೂಕ ಕಳ್ಳ ಅಳತೆಯನ್ನೂ ಸೇರಿಸಿದ ಧರ್ಮದಲ್ಲಿ ಹುಟ್ಟಿದ ಗಣಿತಜ್ಞನಿಗೆ ಈ ಲೆಕ್ಕ ಮುಖ್ಯವೆನಿಸಿದ್ದು ಸಹಜ. ಹಳೆಯದನ್ನು ಹೊಸದು ಮಾಡುವ ಕಸುಬು ನಂಬಿಕೆಯಿಲ್ಲದೆ ನಡೆಯುವುದಿಲ್ಲ.

ಕಟ್ಟಡಗಳ ವಿಷಯದಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ಕರ್ನಾಟಕದ ಬಸದಿಗಳಿಗೆ ಸಂದ ದಾನಶಾಸನಗಳಲ್ಲಿ ಪೂಜೆ, ಋಷಿಗಳ ಆಹಾರದಾನ ಎಂಬ ಉದ್ದೇಶಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರಿದದ್ದು, ಹಳತಾದದ್ದು ಇವನ್ನು ಸರಿಪಡಿಸುವುದಕ್ಕೆಂದೇ ಭೂಮಿ ಬಿಟ್ಟಿರುತ್ತಿದ್ದರು. ಕಟ್ಟಿಸಿದ ದಿನವೇ ದುರಸ್ತಿಗೆ ಹಣ ಮೀಸಲಿಡುವ ಈ ಪದ್ಧತಿಯನ್ನು ಇಂದಿನ ಟ್ರಸ್ಟುಗಳ ಆಯವ್ಯಯ ಪತ್ರಿಕೆಯಲ್ಲಿ ಹುಡುಕುವುದು ಕಷ್ಟ. ಹೊಸ ನಿರ್ಮಾಣದ ಶೀರ್ಷಿಕೆಯ ಕೆಳಗೆ ಮೊತ್ತ ತುಂಬುವಷ್ಟು ಸುಲಭವಾಗಿ ದುರಸ್ತಿಯ ಶೀರ್ಷಿಕೆಯ ಕೆಳಗೆ ತುಂಬುವುದಿಲ್ಲ. ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತು ೧೯೫೭ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದ ಗ್ರಂಥದಲ್ಲಿ ಮಳಖೇಡ, ಸೇಡಂ, ಅಡಕಿ, ಹುಣಸಿ ಹಡಗಲಿ ಮೊದಲಾದ ಈ ಸೀಮೆಯ ಊರುಗಳ ಶಾಸನಗಳನ್ನು ಬೆಳಕಿಗೆ ತಂದರು. ಅವನ್ನು ಓದಿದಾಗ ಒಂದು ಕಾಲದಲ್ಲಿ ಇಲ್ಲಿ ಎಷ್ಟು ಬಸದಿಗಳಿದ್ದವೆಂಬುದರ ಅರಿವಾಗುತ್ತದೆ.

ಆದರೆ ಮರುಬಳಕೆಯೆಲ್ಲ ಪುಣ್ಯವೆಂದು ಹೇಳುವಂತಿಲ್ಲ. ಪಾಳುಬಿದ್ದ ಗುಡಿಬಸದಿಗಳ ಕಲ್ಲುಗಳು ಕೋಟೆಯ ಗೋಡೆಗೆ, ಮನೆಯ ಹೊಸ್ತಿಲಿಗೆ, ಬಾವಿಯ ಕಟ್ಟೆಗೆ ಸೇರಿದ್ದು ಈ ನಾಡಿನಲ್ಲೆಲ್ಲ ಉಂಟು. ಅಕ್ಷರವಿರುವ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿರುವುದನ್ನು ಶಾಸನತಜ್ಞರು ಅನೇಕ ಕಡೆ ಕಂಡಿದ್ದಾರೆ. ಕಲ್ಲು ಉಳಿಯಿತು, ಅಕ್ಷರ ಸವೆಯಿತು. ಇದಕ್ಕೆ ವಿರುದ್ಧವಾದ ಮಾದರಿ ಗ್ರಂಥಗಳ ಪ್ರತಿ ಮಾಡಿಸುವ ಶಾಸ್ತ್ರದಾನದಲ್ಲಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಆಶ್ರಯದಲ್ಲಿದ್ದ ಪೊನ್ನನ ಶಾಂತಿಪುರಾಣವು ಕಾಲವಶವಾಗಬಾರದೆಂದು ದಾನಚಿಂತಾಮಣಿ ಅತ್ತಿಮಬ್ಬೆ ಅದರ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಗರಿ ನಶಿಸಿದರೂ ಗ್ರಂಥ ನಶಿಸದಂತೆ ನೋಡಿಕೊಂಡದ್ದು ಅವಳ ಹಿರಿಮೆ.

ಅರಮನೆ ಗುರುಮನೆಗಳಿಂದ ಗೃಹಸ್ಥನ ಅಡುಗೆಮನೆಗೆ ಬಂದರೆ ಮೊದಲು ನೆನೆಯಬೇಕಾದವರು ಬೋಗಾರರು. ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆಗಳನ್ನು ಮಾಡುವ, ಮಾರುವ ಈ ಸಮುದಾಯ ಕನ್ನಡನಾಡಿನ ದಿಗಂಬರ ಜೈನ ಸಮಾಜದ ಒಂದು ಹಳೆಯ ಅಂಗ. ಮರಾಠಿಯ ನಂಟಿರುವ ಊರುಗಳಲ್ಲಿ ಇವರಿಗೆ ಕಾಸಾರರೆಂಬ ಹೆಸರಿದೆ. ಕಾಸಾರರಲ್ಲಿ ಜೈನರಲ್ಲದವರೂ ಇದ್ದಾರೆ. ೧೯೦೯ರಲ್ಲಿ ಹೊರಬಂದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಗ್ರಂಥದಲ್ಲಿಯೂ ಬೋಗಾರರ ಉಲ್ಲೇಖವಿದೆ. ಬೆಳಗಾವಿಯ ಬೋಗಾರವೇಸ್ ಎಂಬ ಬಡಾವಣೆಯ ಹೆಸರಿನಲ್ಲಿ ಅವರ ಕಸುಬಿನ ನೆನಪು ಇಂದಿಗೂ ಉಳಿದಿದೆ.

ಬೋಗಾರನ ಅಂಗಡಿಯಲ್ಲಿ ನಡೆಯುತ್ತಿದ್ದ ವ್ಯವಹಾರವನ್ನು ಈಗಿನ ತಲೆಮಾರು ತಿಳಿಯುವುದು ಒಳ್ಳೆಯದು. ಒಡೆದ ತಪ್ಪಲೆ, ತೂತುಬಿದ್ದ ಕೊಡ, ಅಂಚು ಸೀಳಿದ ತಂಬಿಗೆ ಯಾವುದೂ ಮನೆಯಿಂದ ಹೊರಗೆ ಎಸೆಯುವ ವಸ್ತುವಾಗಿರಲಿಲ್ಲ. ಅವನ್ನು ಕೂಡಿಟ್ಟು, ಮದುವೆಯೋ ಹಬ್ಬವೋ ಬಂದಾಗ ಅಂಗಡಿಗೆ ಒಯ್ಯುತ್ತಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಹಳೆಯದು ಕೂರುತ್ತಿತ್ತು. ಅದರ ಬೆಲೆಯನ್ನು ಕಳೆದು, ಕೂಲಿಯನ್ನು ಕೂಡಿಸಿ ಹೊಸದನ್ನು ಕೊಡುತ್ತಿದ್ದರು. ಹಳೆಯ ಲೋಹ ಮೂಸೆಗೆ ಹೋಗಿ ಕರಗಿ ಮತ್ತೆ ತಗಡಾಗಿಯೋ ಎರಕವಾಗಿಯೋ ಮೂಡುತ್ತಿತ್ತು. ತಾಮ್ರಕ್ಕೆ ಸತು ಸೇರಿ ಹಿತ್ತಾಳೆ, ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಿ ಕಂಚು. ಯಾವ ಹಳೆಯ ಪಾತ್ರೆ ಯಾವ ಮೂಸೆಗೆ ಹೋಗಬೇಕೆಂಬುದನ್ನು ಬಣ್ಣದಿಂದಲೂ ನಾದದಿಂದಲೂ ಗುರುತಿಸುತ್ತಿದ್ದರು. ಇಂದು ಪೌರಾಡಳಿತ ಇಲಾಖೆಗಳು ಮೂಲದಲ್ಲಿಯೇ ವಿಂಗಡಣೆ ಎಂದು ಹೇಳುತ್ತಿರುವುದು ಇದನ್ನೇ. ಮಗಳಿಗೆ ಕೊಟ್ಟ ಪಾತ್ರೆಯ ಕಂಠದ ಮೇಲೆ ತವರಿನವರ ಹೆಸರನ್ನೋ ಇಸವಿಯನ್ನೋ ಕೊರೆಸುವ ರೂಢಿಯಿತ್ತು. ಮೂಸೆಗೆ ಹೋದಾಗ ಆ ಹೆಸರೂ ಕರಗುತ್ತಿತ್ತು, ಇದಕ್ಕೆ ಯಾರೂ ಅತ್ತ ಸುದ್ದಿಯಿಲ್ಲ.

ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯ ಅಡುಗೆ ಕಿಲುಬುವುದರಿಂದ ಒಳಗೆ ತವರದ ಲೇಪ ಬೇಕಾಗುತ್ತದೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಓಣಿಗೆ ಕಲಾಯಿಯವರು ಬರುತ್ತಿದ್ದರು. ಕಲಬುರಗಿ ಸೀಮೆಯಲ್ಲಿ ಈ ಕಸುಬಿನವರಲ್ಲಿ ಮುಸಲ್ಮಾನರೇ ಹೆಚ್ಚು. ನೆಲದಲ್ಲಿ ಕುಳಿ ತೋಡಿ, ತಿದಿಯೊತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ತಾಕಿಸಿ ಅರಳೆಯಿಂದ ಒರೆಸಿದಾಗ ಕಪ್ಪು ಪಾತ್ರೆ ಬೆಳ್ಳಿಯಂತಾಗುವುದನ್ನು ನೋಡಲು ಮಕ್ಕಳು ಸುತ್ತ ನಿಲ್ಲುತ್ತಿದ್ದರು. ಜೈನ ಬೋಗಾರ ಮಾರಿದ ಪಾತ್ರೆಯ ಆಯುಷ್ಯವನ್ನು ಮುಸಲ್ಮಾನ ಕಲಾಯಿಗಾರ ಹೆಚ್ಚಿಸುತ್ತಿದ್ದ. ಹೀಗೆ ಒಂದು ಪಾತ್ರೆಯ ಸುತ್ತ ಹಲವು ಮನೆಗಳ ಅನ್ನ ಹುಟ್ಟುತ್ತಿತ್ತು.

ಮೊದಲು ಬಂದದ್ದು ಅಲ್ಯೂಮಿನಿಯಂ, ಈ ಭಾಗದ ಮಾತಿನಲ್ಲಿ ಜರ್ಮನ್ ಪಾತ್ರೆ. ಆಮೇಲೆ ತುಕ್ಕುಹಿಡಿಯದ ಉಕ್ಕು. ಅದರ ಸ್ವಚ್ಛತೆಯನ್ನೂ ಹಗುರವನ್ನೂ ಅಲ್ಲಗಳೆಯುವಂತಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕೈ ಸವೆಸಿಕೊಂಡ ಗೃಹಿಣಿಯರಿಗೆ ಅದು ಬಿಡುಗಡೆಯನ್ನೇ ತಂದಿತು. ಉಕ್ಕೂ ಕರಗಿಸಿ ಮರಳಿ ಬಳಸಬಹುದಾದ ಲೋಹವೇ. ಆದರೆ ಅದನ್ನು ಕರಗಿಸುವುದು ದೊಡ್ಡ ಕಾರ್ಖಾನೆಗೆ ಸಾಧ್ಯ, ಓಣಿಯ ಕುಲುಮೆಗೆ ಸಾಧ್ಯವಲ್ಲ. ಪಾತ್ರೆಗೂ ಅದನ್ನು ಮಾಡಿದವನಿಗೂ ಇದ್ದ ಪರಿಚಯ ಅಲ್ಲಿಗೆ ಮುಗಿಯಿತು.

ಬಟ್ಟೆಯ ಕಥೆ ಇನ್ನೂ ಆಪ್ತವಾದದ್ದು. ಈ ಸೀಮೆಯ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳು ಮೊದಲು ಮಕ್ಕಳ ಅಂಗಿಯಾಗಿ, ಕೂಸಿನ ಕುಂಚಿಗೆಯಾಗಿ, ಆಮೇಲೆ ಪದರಪದರವಾಗಿ ಸೇರಿ ಕೌದಿಯಾಗುತ್ತಿದ್ದವು. ಬೇಸಗೆಯ ಮಧ್ಯಾಹ್ನಗಳಲ್ಲಿ ಹೆಣ್ಣುಮಕ್ಕಳು ಕೂಡಿ ಕುಳಿತು ಹೊಲಿಯುತ್ತಿದ್ದ ಕೌದಿಯಲ್ಲಿ ಸತ್ತುಹೋದ ಅತ್ತೆಯ ಸೀರೆಯ ತುಂಡೂ ಇರುತ್ತಿತ್ತು. ಕೌದಿಯೂ ಹರಿದ ಮೇಲೆ ಅದರ ಚಿಂದಿ ಒಲೆಯ ಪಾತ್ರೆ ಇಳಿಸುವ ಮಸಿಯರಿವೆಯಾಗುತ್ತಿತ್ತು. ಕೊನೆಗೆ ತಿಪ್ಪೆಗೆ ಬಿದ್ದರೂ ಹತ್ತಿಯಾದ್ದರಿಂದ ಮಣ್ಣಾಗುತ್ತಿತ್ತು. ಜೈನ ಮನೆಗಳಲ್ಲಿ ಇನ್ನೂ ಒಂದು ಬಟ್ಟೆಯಿತ್ತು, ನೀರು ಸೋಸುವ ದಪ್ಪನೆಯ ಅರಿವೆ. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಜೀವಗಳನ್ನು ಒಣ ನೆಲದ ಮೇಲೆ ಕೊಡವದೆ, ಯಾವ ಬಾವಿಯ ನೀರೋ ಅದೇ ಬಾವಿಗೆ ಮರಳಿ ಬಿಡಬೇಕೆಂಬುದು ನಿಯಮ. ತೆಗೆದುಕೊಂಡದ್ದರಲ್ಲಿ ಬಳಸದೆ ಉಳಿದದ್ದು ತನ್ನ ಮೂಲಕ್ಕೆ ಮರಳಬೇಕೆಂಬ ಈ ಆಚಾರವನ್ನು ಎಷ್ಟೋ ಮನೆಗಳಲ್ಲಿ ಅಕ್ಷರ ಬಾರದ ಅಜ್ಜಿಯರೇ ತಪ್ಪದೆ ನಡೆಸಿದರು. ನಲ್ಲಿ ಬಂದ ಮೇಲೆ ಮರಳಿಸಲು ಬಾವಿಯೇ ಇಲ್ಲವಾಯಿತು.

ಹೊಲದ ಮಾತೂ ಹೀಗೆಯೇ. ಕಲಬುರಗಿ ತೊಗರಿಯ ಕಣಜ. ಇಲ್ಲಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ತೊಗರಿಯಲ್ಲಿ ಬಿಸಾಡುವ ಭಾಗವೆಂಬುದೇ ಇಲ್ಲ. ಕಟ್ಟಿಗೆ ಒಲೆಗೂ ಬೇಲಿಗೂ ಬುಟ್ಟಿಗೂ ಬರುತ್ತದೆ. ಉದುರಿದ ಎಲೆ ನೆಲಕ್ಕೆ ಸೇರುತ್ತದೆ. ದಾಲ್ ಮಿಲ್ಲಿನ ಹೊಟ್ಟು, ಚುನ್ನಿ ದನಗಳ ಬಾಯಿಗೆ ಹೋಗುತ್ತವೆ. ಅಡುಗೆಮನೆಯ ಮುಸುರೆ ಎಮ್ಮೆಗೆ, ಸಗಣಿ ಕುಳ್ಳಿಗೂ ತಿಪ್ಪೆಗೂ, ಒಲೆಯ ಬೂದಿ ಪಾತ್ರೆ ತಿಕ್ಕಲು. ಕಮಲಾಪುರದ ಕೆಂಪುಬಾಳೆಯೂ ಭೌಗೋಳಿಕ ಸೂಚಕ ಪಡೆದ ಬೆಳೆ. ಈಗ ತಾಲೂಕು ಕೇಂದ್ರವಾಗಿರುವ ಕಮಲಾಪುರ ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಬಾಳೆಯ ಗಿಡ ಒಮ್ಮೆ ಗೊನೆ ಕೊಟ್ಟು ಮುಗಿಯುತ್ತದೆ. ಅದರ ಕಂದು ಮುಂದಿನ ಬೆಳೆಯಾಗುತ್ತದೆ. ಎಲೆಯಲ್ಲಿ ಊಟ, ನಾರಿನಲ್ಲಿ ಹೂಮಾಲೆ. ಕಡಿದ ದಿಂಡು ತೋಟದ ಸಾಲಿನಲ್ಲಿಯೇ ಕೊಳೆತು ಮುಂದಿನ ಗಿಡಕ್ಕೆ ಗೊಬ್ಬರ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗೊನೆ ಕೊಯ್ದ ಮೇಲೆ ಹೇಗೂ ಕಡಿಯಬೇಕಾದ ದಿಂಡನ್ನು ಮಂಟಪಕ್ಕೆ ಕಟ್ಟುವುದು ಒಂದು. ಶೋಭೆಗಾಗಿ ಇನ್ನೂ ಗೊನೆ ಬಿಡದ ಎಳೆಯ ಗಿಡವನ್ನು ಕಡಿದು ತಂದು, ಮರುದಿನ ರಸ್ತೆಯ ಬದಿಗೆ ಚೆಲ್ಲುವುದು ಇನ್ನೊಂದು. ಎರಡನೆಯದು ಅನರ್ಥದಂಡವಲ್ಲದೆ ಬೇರೇನೂ ಅಲ್ಲ.

ಈ ಕ್ರಮ ಒಮ್ಮೆಗೇ ಮುರಿದುಬೀಳಲಿಲ್ಲ. ೧೯೪೮ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಗುಲಬರ್ಗಾ ಹಿತ್ತಲುಳ್ಳ ಮನೆಗಳ ಊರಾಗಿತ್ತು. ಹಿತ್ತಲಿತ್ತು, ಹಿತ್ತಲಿನಲ್ಲಿ ದನವಿತ್ತು, ದನವಿದ್ದಲ್ಲಿ ಮುಸುರೆ ಕಸವಾಗುತ್ತಿರಲಿಲ್ಲ. ೨೦೧೧ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ ೫ ಲಕ್ಷವನ್ನು ಮೀರಿತ್ತು. ೨೦೧೪ರ ನವೆಂಬರ್ ೧ರಂದು ಊರು ತನ್ನ ಹಳೆಯ ಕನ್ನಡ ಹೆಸರನ್ನು ಪಡೆದು ಕಲಬುರಗಿಯಾಯಿತು. ಹಿತ್ತಲುಗಳು ಅಷ್ಟು ಸುಲಭವಾಗಿ ಮರಳಲಿಲ್ಲ. ಮನೆಯ ಕಸ ಬೀದಿಯ ತೊಟ್ಟಿಗೆ, ತೊಟ್ಟಿಯಿಂದ ಪಾಲಿಕೆಯ ಗಾಡಿಗೆ, ಗಾಡಿಯಿಂದ ಉದನೂರಿನ ಕಸದ ನೆಲೆಗೆ ಹೋಗುವ ದಾರಿ ಹಿಡಿಯಿತು. ಕಣ್ಣಿಗೆ ಕಾಣದಾದದ್ದು ಮನಸ್ಸಿನಿಂದಲೂ ಮರೆಯಾಯಿತು. ಉತ್ಸರ್ಗ ಸಮಿತಿ ಬೇಡವೆನ್ನುವುದು ಈ ಮರೆವನ್ನೇ.

ಕಾನೂನು ಎಚ್ಚತ್ತದ್ದು ತಡವಾಗಿ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಬೆನ್ನಿಗೆ ೨೦೦೦ದಲ್ಲಿ ನಗರಗಳ ಘನತ್ಯಾಜ್ಯದ ಮೊದಲ ನಿಯಮಗಳು ಬಂದವು. ೨೦೧೬ರ ನಿಯಮಗಳು ಹಸಿ, ಒಣ, ಅಪಾಯಕರ ಎಂದು ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಮನೆಯವರ ಮೇಲೆ ಹೊರಿಸಿದವು. ಅದೇ ೨೦೧೬ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸ್, ಬ್ಯಾನರ್‌ಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶಾದ್ಯಂತ ನಿಷೇಧ ಬಂತು. ಭೋಗೋಪಭೋಗದ ವಿಭಾಗವನ್ನು ಸರ್ಕಾರ ತನ್ನ ಭಾಷೆಯಲ್ಲಿ ಬರೆದಂತಾಯಿತು. ನಿಷೇಧವಾದ ವಸ್ತುಗಳು ಅಂಗಡಿಗಳಲ್ಲಿ ದೊರೆಯುತ್ತಲೇ ಇರುವುದು ಬೇರೆ ಮಾತು.

ಇದರ ನಡುವೆ ಒಂದು ವರ್ಗ ಹಳೆಯ ಕ್ರಮವನ್ನು ಸದ್ದಿಲ್ಲದೆ ಮುಂದುವರಿಸಿದೆ. ರದ್ದಿ ಕಾಗದ, ಕಬ್ಬಿಣ, ಬಾಟಲಿಗಳನ್ನು ತೂಕಕ್ಕೆ ಕೊಳ್ಳುವ ಭಂಗಾರದ ಅಂಗಡಿಗಳು ಕಲಬುರಗಿಯಲ್ಲಿಯೂ ಕಮಲಾಪುರದಲ್ಲಿಯೂ ಇವೆ. ಮೈಸೂರು ಕಡೆಯವರು ಗುಜರಿ ಎನ್ನುವುದಕ್ಕೆ ಈ ಕಡೆ ಭಂಗಾರವೆನ್ನುತ್ತಾರೆ. ಒಂದು ಮಹಾಪ್ರಾಣ ಬಿಟ್ಟರೆ ಅದು ಬಂಗಾರವೇ ಆಗುತ್ತದೆಂದು ಹಾಸ್ಯ ಮಾಡುವುದುಂಟು. ಮಹಾವೀರಾಚಾರ್ಯನ ಗಣಿತವನ್ನು ಬಲ್ಲವರು ಅದನ್ನು ಬರಿಯ ಹಾಸ್ಯವೆಂದು ತಳ್ಳಿಹಾಕಲಾರರು. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಟ್ಟು ತಲೆಯ ಮೇಲೆ ಗಂಟು ಹೊತ್ತು ತಿರುಗುವ ಹೆಂಗಸರು, ತೊಟ್ಟಿಗಳಲ್ಲಿ ಚಿಂದಿ ಆಯುವ ಮಕ್ಕಳು ಮುದುಕರು ಇವರೆಲ್ಲ ಅದೇ ಸರಪಳಿಯ ಕೊಂಡಿಗಳು. ಹಸಿಕಸದೊಡನೆ ಗಾಜಿನ ಚೂರನ್ನೋ ಬಳಸಿದ ಸೂಜಿಯನ್ನೋ ಕಟ್ಟಿ ಎಸೆದಾಗ ಗಾಯವಾಗುವುದು ಇವರ ಕೈಗೆ. ಅಹಿಂಸಾಣುವ್ರತ ಪಾಲಿಸುವ ಮನೆಯಿಂದ ಹೊರಬಿದ್ದ ಗಂಟೊಂದು ಅಪರಿಚಿತ ಪಂಚೇಂದ್ರಿಯ ಜೀವಿಗೆ ಗಾಯ ಮಾಡಬಹುದೆಂಬುದನ್ನು ಇನ್ನೂ ಬಹಳ ಜನ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದೇ ಪ್ಲಾಸ್ಟಿಕ್ ಗಂಟಿನೊಳಗಿನ ಅನ್ನಕ್ಕಾಗಿ ಗಂಟನ್ನೇ ನುಂಗುವ ಹಸುಗಳ ವಿಷಯ ಎಲ್ಲರೂ ಬಲ್ಲದ್ದೇ.

ಹಸಿಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡಬೇಕೆಂಬ ಸಲಹೆ ಬಂದಾಗ ಜೈನ ಕುಟುಂಬಗಳಲ್ಲಿ ಒಂದು ಪ್ರಾಮಾಣಿಕವಾದ ಸಂದೇಹ ಏಳುತ್ತದೆ. ಕೊಳೆಯುವ ದ್ರವ್ಯದಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ. ಕಸವನ್ನು ತಿರುವಿಹಾಕಿದರೆ, ಬಿಸಿಯೇರಿದರೆ ಅವು ಸಾಯುತ್ತವೆ. ತಿಳಿದು ತಿಳಿದು ಇದನ್ನು ಮಾಡಬಹುದೆ? ಈ ಸಂದೇಹವನ್ನು ನಕ್ಕು ತಳ್ಳುವುದು ಸಲ್ಲದು. ಕೊಳೆಯುವ ವಸ್ತು ಹುಟ್ಟದಂತೆ ನೋಡಿಕೊಳ್ಳುವುದೇ ಶಾಸ್ತ್ರಕ್ಕೆ ಹತ್ತಿರವಾದ ಮೊದಲ ಉತ್ತರ. ಬೇಕಾದಷ್ಟೇ ಬಡಿಸಿಕೊಂಡು, ಎಂಜಲು ಬಿಡದೆ, ಉಂಡ ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನೇ ಕುಡಿಯುವ ನಿಯಮ ಜೈನರಲ್ಲಿ ಕೆಲವರು ಇಂದಿಗೂ ಪಾಲಿಸುತ್ತಿದ್ದಾರೆ. ಅದರ ಮೂಲ ಈ ವಿಚಾರದಲ್ಲಿಯೇ ಇದೆ. ಅಷ್ಟಾದರೂ ಸಿಪ್ಪೆ, ಸೊಪ್ಪಿನ ಕಡ್ಡಿ ಉಳಿಯುತ್ತವೆ. ಅವು ಹಸಿಯಿರುವಾಗಲೇ ದನಕ್ಕೆ ಸೇರಿದರೆ ಉತ್ತಮ. ದನವಿಲ್ಲದಲ್ಲಿ ನೆರಳಿನಲ್ಲಿ ಹರವಿ ಒಣಗಿಸಿ, ಒಣ ತರಗಿನ ಜೊತೆ ಗುಂಡಿಗೆ ಹಾಕಿದರೆ ಹುಳು ಕಡಿಮೆ. ಹಿಂಸೆ ಅಲ್ಲಿಯೂ ಪೂರ್ತಿ ತಪ್ಪುವುದಿಲ್ಲ. ಆದರೆ ಶಾಸ್ತ್ರ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ವಿಂಗಡಿಸಿದೆ. ಗೃಹಕೃತ್ಯದಲ್ಲಿ ತಪ್ಪಿಸಲಾಗದ್ದು ಆರಂಭಿ. ಅದೇ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಉದನೂರಿಗೆ ಕಳಿಸಿದರೆ ಅಲ್ಲಿ ಹುಟ್ಟಿ ಸಾಯುವ ಜೀವಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಜೊತೆಗೆ ಕಸದ ರಸ ಇಳಿದು ನೀರು ಕೆಡುತ್ತದೆ, ಬೆಂಕಿ ಹೊತ್ತಿದರೆ ಇನ್ನಷ್ಟು ಘಾತ. ಎರೆಹುಳುಗಳನ್ನು ಕೊಂಡು ತಂದು ಸಾಕುವ ವಿಧಾನದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಆ ವಿಷಯವನ್ನು ಗುರುಗಳ ಸನ್ನಿಧಿಯಲ್ಲಿ ನಿರ್ಣಯಿಸಿಕೊಳ್ಳುವುದೇ ಸೂಕ್ತ.

ಬಸದಿಗಳ ಆಡಳಿತ ಮಂಡಳಿಗಳ ಮುಂದಿರುವ ಪ್ರಶ್ನೆಗಳು ಇನ್ನಷ್ಟು ಸೂಕ್ಷ್ಮವಾದವು. ಅಷ್ಟದ್ರವ್ಯದಿಂದ ಅರ್ಚಿಸಿದ ಮೇಲೆ ಅದು ನಿರ್ಮಾಲ್ಯ. ಶ್ರಾವಕನು ಅದನ್ನು ಉಪಭೋಗಿಸುವಂತಿಲ್ಲ, ಅದನ್ನು ಕಾಲು ತುಳಿಯುವಲ್ಲಿ ಚೆಲ್ಲುವಂತೆಯೂ ಇಲ್ಲ. ಹೂವು, ಅಕ್ಷತೆ, ಗಂಧಗಳಷ್ಟೇ ಇದ್ದಾಗ ಗಿಡದ ಬುಡ ಸಾಕಾಗಿತ್ತು. ಈಗ ಅದೇ ಬುಟ್ಟಿಯಲ್ಲಿ ಊದುಬತ್ತಿಯ ಪ್ಲಾಸ್ಟಿಕ್ ಪೊಟ್ಟಣ, ಹಾಲಿನ ಚೀಲ, ಹೂಮಾಲೆಯ ನೈಲಾನ್ ದಾರ ಸೇರಿ ಬರುತ್ತವೆ. ಅವನ್ನ ಹೊಳೆಗೆ ಬಿಟ್ಟರೆ ಕಾಗಿಣೆಯ ಜಲಚರಗಳಿಗೆ ಘಾತ, ತೊಟ್ಟಿಗೆ ಹಾಕಿದರೆ ನಿರ್ಮಾಲ್ಯಕ್ಕೆ ಅವಿನಯ. ಗರ್ಭಗೃಹಕ್ಕೆ ಒಯ್ಯುವ ಮೊದಲೇ ಪೊಟ್ಟಣ ಬಿಚ್ಚಿ ಹೊರಗಿಡುವ ಒಂದು ಬುಟ್ಟಿ ಬಾಗಿಲಿನಲ್ಲಿದ್ದರೆ ಈ ಉಭಯಸಂಕಟದ ಬಹುಭಾಗ ತಪ್ಪುತ್ತದೆ.

ಮುದ್ರಣದ ವಿಷಯದಲ್ಲಿ ಸಮಾಜ ಇನ್ನೂ ಯೋಚಿಸಬೇಕಾಗಿದೆ. ಪಂಚಕಲ್ಯಾಣದ ಆಮಂತ್ರಣ, ಮದುವೆಯ ಕರೆಯೋಲೆ, ಚಾತುರ್ಮಾಸದ ಭಿತ್ತಿಪತ್ರ ಎಲ್ಲದರ ಮೇಲೆಯೂ ತೀರ್ಥಂಕರರ ಬಿಂಬ, ಮುನಿಗಳ ಭಾವಚಿತ್ರ. ಸಮಾರಂಭ ಮುಗಿದ ಮೇಲೆ ಇವು ರದ್ದಿಗೆ ಹೋದರೆ ಒಂದು ದಿನ ಮಿರ್ಚಿ ಭಜಿಯ ಪೊಟ್ಟಣವಾಗಿ ಎದುರಿಗೆ ಬರುತ್ತವೆ. ಫ್ಲೆಕ್ಸ್ ಬ್ಯಾನರಿನ ಗತಿ ಇನ್ನೂ ಕೆಟ್ಟದ್ದು. ನೂಲಿನ ಬಲೆಯ ಮೇಲೆ ಪಿವಿಸಿ ಲೇಪಿಸಿದ ಆ ಹಾಳೆಯ ಎರಡು ದ್ರವ್ಯಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಭಂಗಾರದವನಿಗೂ ಅದು ಬೇಡ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷಗಳು ಗಾಳಿಗೆ ಸೇರುತ್ತವೆ. ಪರಿಗ್ರಹವನ್ನು ತೃಣಮಾತ್ರವೂ ಉಳಿಸಿಕೊಳ್ಳದ ದಿಗಂಬರ ಮುನಿಗಳ ಭಾವಚಿತ್ರವನ್ನು ನಾಶವಾಗದ ವಸ್ತುವಿನ ಮೇಲೆ ಅಚ್ಚುಹಾಕಿಸಿ, ಕೊನೆಗೆ ಅದು ಯಾರದೋ ಹಿತ್ತಲಿನ ಬಣವೆಯ ಹೊದಿಕೆಯಾಗುವುದನ್ನು ನೋಡುವ ಪರಿಸ್ಥಿತಿ ಒದಗಿದೆ. ಬಟ್ಟೆಯ ಮೇಲೆ ತಿಥಿ, ಇಸವಿಗಳಿಲ್ಲದೆ ಬರೆಸಿದ ಒಂದೇ ಸ್ವಾಗತಫಲಕವನ್ನು ವರ್ಷವರ್ಷವೂ ಬಳಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ದಾನಿಗಳ ಹೆಸರು ಅದರಲ್ಲಿ ಹಿಡಿಸುವುದಿಲ್ಲವೆಂಬುದೇ ಬಹುಶಃ ನಿಜವಾದ ತೊಡಕು.

ಸಾಮೂಹಿಕ ಭೋಜನಕ್ಕೆ ಹಿಂದಿನವರು ಕಂಡುಕೊಂಡಿದ್ದ ಏರ್ಪಾಡು ಸರಳವಾಗಿತ್ತು. ಹಂಡೆ, ಕೊಪ್ಪರಿಗೆ, ಪರಾತ, ನೂರಾರು ತಟ್ಟೆ ತಂಬಿಗೆಗಳನ್ನು ಉಳ್ಳವರು ಬಸದಿಗೆ ದಾನವಾಗಿ ಕೊಡುತ್ತಿದ್ದರು. ಸಮಾಜದ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಪುಸ್ತಕದಲ್ಲಿ ಬರೆಸಿ ಒಯ್ದು, ತೊಳೆದು ಎಣಿಸಿ ಮರಳಿಸುತ್ತಿದ್ದರು. ಒಂದು ತಟ್ಟೆ ಹತ್ತಾರು ಮದುವೆಗಳಲ್ಲಿ ಬಡವ ಬಲ್ಲಿದರೆನ್ನದೆ ಎಲ್ಲರ ಮುಂದೆಯೂ ಇರುತ್ತಿತ್ತು. ತಟ್ಟೆ ಸಾಲದಾದಾಗ ಮುತ್ತುಗದೆಲೆಯ ಪತ್ರಾವಳಿ, ದ್ರೋಣಗಳು ಬರುತ್ತಿದ್ದವು. ಥರ್ಮೋಕೋಲ್ ತಟ್ಟೆ ಬಂದಮೇಲೆ ಎಣಿಸುವ, ತೊಳೆಯುವ, ಮರಳಿಸುವ ಕೆಲಸ ತಪ್ಪಿತೆಂದು ಎಲ್ಲರಿಗೂ ಹಗುರವೆನಿಸಿತು. ಪಾತ್ರೆ ಬರೆಸುವ ಪುಸ್ತಕ ನಿಂತುಹೋಯಿತು. ಹಂಡೆ ಪರಾತಗಳು ಎಷ್ಟೋ ಬಸದಿಗಳ ಉಗ್ರಾಣದಲ್ಲಿ ಇಂದಿಗೂ ಇವೆ. ದಾನಿಗಳ ಹೆಸರೂ ಇಸವಿಯೂ ಅವುಗಳ ಕಂಠದ ಮೇಲೆ ಓದುವಂತಿವೆ. ಕಲಾಯಿ ಹಾಕಿಸಿದರೆ ಮುಂದಿನ ಪರ್ಯೂಷಣದ ಪಾರಣೆಗೆ ಅವು ಒದಗುತ್ತವೆ.